ಕಾಲುವೆ ತಿರುವಿನ ಮುಕ್ಕಾಲು ಎಕರೆ

ಆ ಬೋರ್ಡು ಮೊದಲು ಕಣ್ಣಿಗೆ ಬಿದ್ದದ್ದು ಕಂಡಕ್ಟರಮ್ಮನಿಗೇ. ಬೆಳಗಿನ ಮೊದಲ ಟ್ರಿಪ್ಪಿನ ಬಸ್ಸು ಕಾಲುವೆಯ ತಿರುವಿಗೆ ಬಂದು, ಎರಡನೇ ಗೇರಿಗಿಳಿದು, ಮಂಡಿನೋವಿನವರು ಮೆಟ್ಟಿಲಿಳಿಯುವ ಹಾಗೆ ಗೊಣಗುತ್ತ ಹೊರಳುತ್ತಿತ್ತು. ಹಿಂಬಾಗಿಲ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ ಅವಳು ಎಂದಿನಂತೆ ಆ ಹೊಲದ ಕಡೆ ನೋಡಿದಳು.

ಎಂದಿನಂತೆ ಎಂದರೆ ನಿಜಕ್ಕೂ ಎಂದಿನಂತೆಯೇ. ಆ ರೂಟಿನಲ್ಲಿ ಟಿಕೆಟ್ ಹರಿಯಲು ಶುರುಮಾಡಿದಾಗಿನಿಂದ ಅವಳ ಕಣ್ಣು ಆ ಮುಕ್ಕಾಲು ಎಕರೆಯ ಮೇಲೆ ನೆಟ್ಟಿತ್ತು. ಕಂಕುಳಲ್ಲಿ ಮಗು ಎತ್ತಿಕೊಂಡ ತಾಯಿಯ ತೋಳಿನ ಹಾಗೆ ಕಾಲುವೆ ಆ ತುಂಡನ್ನು ಮೂರು ಕಡೆಯಿಂದ ಬಳಸಿಕೊಂಡಿತ್ತು. ಸುತ್ತಲ ಹೊಲಗಳು ಬಿಸಿಲಿಗೆ ಹಳದಿ ತಿರುಗಿದಾಗಲೂ ಅಲ್ಲಿ ಹಸಿರು ಕುಂದುತ್ತಿರಲಿಲ್ಲ. ಉತ್ತಾಗ ಮಣ್ಣು ಕಪ್ಪಗೆ, ಜಿಡ್ಡುಜಿಡ್ಡಾಗಿ, ಈಗತಾನೆ ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಹೊಳೆಯುತ್ತಿತ್ತು. ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿರಲಿ, ಆ ತಿರುವಿನಲ್ಲಿ ಅವಳು ಒಂದು ಕ್ಷಣ ಯಾರಿಗೂ ಚಿಲ್ಲರೆ ಕೊಡುತ್ತಿರಲಿಲ್ಲ.

ಆ ದಿನ ಬೇಲಿಯ ಗೇಟಿಗೆ ತಂತಿಯಲ್ಲಿ ಕಟ್ಟಿದ ಒಂದು ರಟ್ಟು ನೇತಾಡುತ್ತಿತ್ತು: "ಹೊಲ ಮಾರಾಟಕ್ಕಿದೆ. ಸುಲಭ ಕಂತು."

 ಇಡೀ ದಿನ ಅದೇ ಧ್ಯಾನ. ಸಂಜೆ ಅದೇ ದಾರಿಯಲ್ಲಿ ವಾಪಸು ಬರುವಾಗ ಕತ್ತು ಉದ್ದ ಮಾಡಿ ನೋಡಿದರೆ ಬೋರ್ಡೇ ಇಲ್ಲ.

"ಮಾರಿಹೋಯ್ತು ಕಣಣ್ಣಾ," ಎಂದು ಡ್ರೈವರನಿಗೆ ಹೇಳಿದಳು, ತನ್ನ ಮನೆಯದೇ ಏನೋ ಕಳೆದುಹೋದವಳ ಹಾಗೆ.

ಮರುದಿನ ಬೆಳಿಗ್ಗೆ ಬೋರ್ಡು ಮತ್ತೆ ಇತ್ತು. ಸಂಜೆ ಇರಲಿಲ್ಲ. ಅದರ ಮರುದಿನವೂ ಹಾಗೇ. ಡ್ರೈವರಣ್ಣ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತ, "ಹೊಲಕ್ಕೂ ಡ್ಯೂಟಿ ಟೈಮ್ ಇಟ್ಟಿದ್ದಾರೆ. ಸಂಜೆ ಮೇಲೆ ಮಾರಲ್ಲ," ಎಂದ. ಬಸ್ಸಿಗೆ ಬಸ್ಸೇ ಈ ವಿಷಯಕ್ಕೆ ಬಾಯಿ ಹಾಕಿತು. ಗಾಳಿಗೆ ಬೀಳುತ್ತೆ ಅಂತ ಒಬ್ಬರು, ಮೇಕೆ ತಿನ್ನುತ್ತೆ ಅಂತ ಇನ್ನೊಬ್ಬರು. ಮೇಕೆ ತಿಂದ ರಟ್ಟು ಬೆಳಗಾಗುವಷ್ಟರಲ್ಲಿ ಹೇಗೆ ಚಿಗುರುತ್ತದೆ ಎಂದು ಯಾರೂ ಕೇಳಲಿಲ್ಲ.

ಅವಳ ಗಂಡ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೆಷೀನು, ಒಂದು ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ನೇತುಹಾಕಿದ ಅರೆಹೊಲಿದ ಅಂಗಿಗಳು. ಒಳ್ಳೆಯ ಮನುಷ್ಯ, ಆದರೆ ಅನುಮಾನ ಅವನ ಜೊತೆಗೇ ಹುಟ್ಟಿದ ತಮ್ಮ. ಅಂಗಡಿಯವನು ಒಂದು ಗುಂಡಿ ಹೆಚ್ಚಿಗೆ ಕೊಟ್ಟರೆ, ಅದರಲ್ಲಿ ತೂತಿಲ್ಲವೇನೋ ಎಂದು ಬೆಳಕಿಗೆ ಹಿಡಿದು ನೋಡುವವನು.

ಹೆಂಡತಿ ಹೇಳಿದ್ದನ್ನು ಕೇಳಿ ಅವನು ಮೆಷೀನಿನಿಂದ ಕಾಲು ತೆಗೆದ.

"ಸುಲಭ ಕಂತು ಅಂತ ಬರ್ದಿದ್ದಾರಾ? ಹಾಗಾದ್ರೆ ಬೇಡ."

"ಯಾಕ್ರೀ?"

"ಸುಲಭ ಅನ್ನೋ ಮಾತಿಗೆ ಒಳಗಡೆ ಯಾವಾಗ್ಲೂ ಲೈನಿಂಗ್ ಇರುತ್ತೆ. ಹೊರಗೆ ಕಾಣ್ಸಲ್ಲ. ಹಾಕ್ಕೊಂಡ ಮೇಲೆ ಚುಚ್ಚುತ್ತೆ. ಅಷ್ಟು ಒಳ್ಳೇ ಭೂಮೀನ ಯಾರಾದ್ರೂ ಸುಲಭವಾಗಿ ಕೊಡ್ತಾರಾ?"

"ಕೇಳೋದಕ್ಕೇನು, ದುಡ್ಡು ಕೊಡಬೇಕಾ?"

"ಕೇಳು. ಆದ್ರೆ ಎಲ್ಲೂ ಸೈನ್ ಹಾಕ್ಬೇಡ. ಕೂತ್ಕೋ ಅಂದ್ರೂ ಕೂತ್ಕೋಬೇಡ."

ವಾರದ ರಜೆಯ ದಿನ ಅವಳು ಅದೇ ಬಸ್ಸಿನಲ್ಲಿ, ಮೊದಲ ಸಲ ಸೀಟಿನ ಮೇಲೆ ಕೂತು, ಟಿಕೆಟ್ ತೆಗೆದುಕೊಂಡು ಹೋಗಿ ತಿರುವಿನಲ್ಲಿ ಇಳಿದಳು.

ಹೊಲದ ಅಂಚಿಗೇ ಒಂದು ಹೆಂಚಿನ ಮನೆ. ಜಗಲಿಯಲ್ಲಿ ತೆಳ್ಳಗೆ, ನೆಟ್ಟಗೆ, ಕನ್ನಡಕ ಹಾಕಿಕೊಂಡ ಒಬ್ಬ ಅಜ್ಜಿ ಪೇಪರ್ ಓದುತ್ತಿದ್ದಳು. ಊರೆಲ್ಲ ಅವಳನ್ನು ದೊಡ್ಡಕ್ಕ ಎನ್ನುತ್ತಿತ್ತು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಮದುವೆಯಾಗಿರಲಿಲ್ಲ. ಅವಳ ತಂಗಿ ಚಿಕ್ಕಕ್ಕನಿಗೂ ಆಗಿರಲಿಲ್ಲ. ಅಪ್ಪ ಬಿಟ್ಟುಹೋದ ಮನೆ ಮತ್ತು ಹೊಲ ಇಬ್ಬರ ಹೆಸರಿನಲ್ಲೂ ಇತ್ತು. ಅಕ್ಕ ಮನೆ ನೋಡಿಕೊಂಡಳು, ತಂಗಿ ಹೊಲ ನೋಡಿಕೊಂಡಳು. ಹೀಗೆ ಎಪ್ಪತ್ತು ದಾಟಿದ್ದರು.

"ಸುಲಭ ಅಂದ್ರೆ ಸುಲಭಾನೇ," ಎಂದಳು ದೊಡ್ಡಕ್ಕ, ಕನ್ನಡಕ ಮೇಲೇರಿಸಿ. "ಮುಂಗಡ ನಿನ್ನ ಕೈಲಿ ಆದಷ್ಟು. ಉಳಿದದ್ದು ಐದು ವರ್ಷದಲ್ಲಿ, ಕೊಯ್ಲಾದಾಗ ಕೊಟ್ಕೊಂಡು ಹೋಗು. ಬಡ್ಡಿ ಗಿಡ್ಡಿ ಇಲ್ಲ."

ಕಂಡಕ್ಟರಮ್ಮನಿಗೆ ಗಂಡನ ಮಾತು ನೆನಪಾಯಿತು. ಕೂತಿರಲಿಲ್ಲ, ನಿಂತೇ ಇದ್ದಳು. "ಮತ್ತೆ ಇಷ್ಟು ದಿನ ಯಾರೂ ಯಾಕೆ ತಗೊಂಡಿಲ್ಲ ದೊಡ್ಡಕ್ಕಾ?"

ಉತ್ತರ ಹಿಂದಿನಿಂದ ಬಂತು. "ನಾನು ಬಿಟ್ಟಿದ್ರೆ ತಾನೇ!"

ಮೊಣಕಾಲಿನವರೆಗೆ ಕೆಸರು, ತಲೆಗೆ ಸುತ್ತಿದ ಟವೆಲು, ಕೈಯಲ್ಲಿ ಗುದ್ದಲಿ, ಕಂಕುಳಲ್ಲಿ ಆ ರಟ್ಟಿನ ಬೋರ್ಡು. ಚಿಕ್ಕಕ್ಕ ಗಿಡ್ಡಗೆ, ಗುಂಡಗೆ, ನಡೆಯುವಾಗ ಒಂದು ಕಡೆಗೆ ವಾಲುತ್ತಿದ್ದಳು. ಅವಳು ಆ ಬೋರ್ಡನ್ನು ಅಕ್ಕನ ಕಾಲ ಬಳಿ ದೊಪ್ಪೆಂದು ಹಾಕಿದಳು.

"ದಿನಾ ಬೆಳಿಗ್ಗೆ ಇವಳು ಕಟ್ತಾಳೆ. ಹೊಲದ ಕೆಲಸ ಮುಗಿಸಿ ಬರುವಾಗ ನಾನು ಬಿಚ್ಕೊಂಡು ಬರ್ತೀನಿ. ನಿನಗಿಂತ ಮುಂಚೆ ಮೂರು ಜನ ಬಂದಿದ್ರು. ಒಬ್ಬ ಎರಡನೇ ಸಲ ಬರಲಿಲ್ಲ. ಇನ್ನೊಬ್ಬ ಚಪ್ಪಲಿ ಬಿಟ್ಟು ಓಡಿದ. ಮೂರನೆಯವನಿಗೆ ಭೂಮಿ ಬೇಡವಾಗಿತ್ತು, ಮಣ್ಣು ಬೇಕಿತ್ತು. ಇಟ್ಟಿಗೆ ಸುಡೋದಕ್ಕೆ. ಅವನಿಗೆ ಏನು ಮಾಡಿದೆ ಅಂತ ಹೇಳಲ್ಲ."

"ಹೇಳ್ಬೇಡ," ಎಂದಳು ದೊಡ್ಡಕ್ಕ. "ಬಂದವರು ಕಾಫಿ ಕುಡಿದಾದ್ರೂ ಹೋಗ್ಲಿ."

ಕಾಫಿ ತರಲು ತಂಗಿ ಒಳಗೆ ಹೋದಾಗ ದೊಡ್ಡಕ್ಕ ದನಿ ತಗ್ಗಿಸಿದಳು. ಹೋದ ವರ್ಷ ಚಿಕ್ಕಕ್ಕ ಕಾಲುವೆಯ ದಡದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅಕ್ಕ ಓಡಿಹೋಗಿ ನೋಡಿದರೆ ತಂಗಿ ನೀರಿನಂಚಿನಲ್ಲಿ ಬಿದ್ದಿದ್ದಾಳೆ, ಎತ್ತಲು ಅಕ್ಕನ ಕೈಯಲ್ಲಿ ಶಕ್ತಿಯಿಲ್ಲ. ರಸ್ತೆಯಲ್ಲಿ ಹೋಗುವ ಯಾರೋ ಬರುವವರೆಗೆ ಅವಳ ತಲೆಯನ್ನು ನೀರಿನಿಂದ ಮೇಲೆ ಹಿಡಿದುಕೊಂಡು ಕೂತಿದ್ದಳಂತೆ. "ಹೊಲ ಇರೋವರೆಗೂ ಇವಳು ಗುದ್ದಲಿ ಬಿಡಲ್ಲ. ನನಗೆ ದುಡ್ಡು ಬೇಡ ಮಾರಾಯ್ತಿ. ಇನ್ನೊಂದು ಸಲ ಹಾಗೆ ಕೂತ್ಕೊಳ್ಳೋ ಧೈರ್ಯ ನನಗಿಲ್ಲ. ಅವಳಿಗೆ ಮಾತ್ರ ಇದನ್ನ ಹೇಳ್ಬೇಡ. ತಲೆ ಮೇಲೆ ಹತ್ತಿ ಕೂರ್ತಾಳೆ."

ಚಿಕ್ಕಕ್ಕ ಕಾಫಿ ಕೊಟ್ಟು, ಹೊಸಬಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮಣ್ಣು ಮುಟ್ಟಿ ಗೊತ್ತಾ?"

"ಡಬ್ಬೀಲಿ ಟೊಮೆಟೊ ಹಾಕಿದ್ದೆ."

"ಬಂತಾ?"

"ಒಂದು ಬಂತು. ಅದನ್ನೂ ಅಳಿಲು ತಿಂತು."

ಸುಳ್ಳು ಹೇಳಲಿಲ್ಲವಲ್ಲ ಎಂದೋ ಏನೋ, ಚಿಕ್ಕಕ್ಕನ ಮೂಗಿನ ಹೊಳ್ಳೆ ಸ್ವಲ್ಪ ಅರಳಿತು. ಒಳಗಿನಿಂದ ಒಂದು ಹಿಡಿ ಹುರುಳಿಕಾಯಿ ಬೀಜ ತಂದು ಅವಳ ಅಂಗೈಗೆ ಸುರಿದಳು. ಬೇಲಿ ಪಕ್ಕದ ಒಂದು ಪಾತಿ ತೋರಿಸಿ, "ಇದನ್ನ ಬೆಳೆದು ತೋರ್ಸು. ಆಮೇಲೆ ಮಾತು," ಎಂದಳು.

ಅಂದಿನಿಂದ ಪ್ರತಿ ರಜೆಯೂ ಆ ಪಾತಿಯ ಪಾಲಾಯಿತು. ಬೀಜವೇನೋ ಮೊಳೆಯಿತು. ಅದರ ಜೊತೆಗೆ ಬೇರೆ ಏನೇನೋ ಮೊಳೆಯಿತು. ಒಂದು ಮಧ್ಯಾಹ್ನ ಕಂಡಕ್ಟರಮ್ಮ ಸೆರಗು ಬಿಗಿದು ಕೂತು ಪಾತಿಯನ್ನೆಲ್ಲ ಅಚ್ಚುಕಟ್ಟಾಗಿ ಕಿತ್ತು ಸ್ವಚ್ಛ ಮಾಡಿ, ಉಳಿದ ಗಿಡಗಳಿಗೆ ಬೊಗಸೆಯಲ್ಲಿ ನೀರು ಹನಿಸಿ, ಹೆಮ್ಮೆಯಿಂದ ಚಿಕ್ಕಕ್ಕನನ್ನು ಕರೆದಳು. ಚಿಕ್ಕಕ್ಕ ಬಂದು ನೋಡಿದಳು. ಕಿತ್ತು ಹಾಕಿದ ರಾಶಿಯನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ನಿಂತು ನಗಲಾಗದೆ ಬದುವಿನ ಮೇಲೆ ಕುಸಿದು ಕೂತು ನಕ್ಕಳು.

"ಅಕ್ಕಾ! ಏ ಅಕ್ಕಾ! ಬಾರೇ ಇಲ್ಲಿ! ಈಯಮ್ಮ ಬೆಳೆ ಎಲ್ಲ ಕಿತ್ತು ಕಳೆಗೆ ನೀರು ಹಾಕಿದ್ದಾಳೆ! ಕಳೆಗೆ ಇಷ್ಟು ಉಪಚಾರ ಮಾಡಿದವರನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ!"

ದೊಡ್ಡಕ್ಕ ಜಗಲಿಯಿಂದಲೇ ಕೂಗಿದಳು, "ನೀನು ಮೊದಲನೇ ವರ್ಷ ಮಾಡಿದ್ದೂ ಅದೇ. ಅಪ್ಪ ಬೆನ್ನಿಗೆ ಹಾಕಿದ್ದು ಮರೆತೋಯ್ತಾ?"

ಕಂಡಕ್ಟರಮ್ಮನ ಮುಖ ಬೆಂದ ಬದನೆಕಾಯಿಯಾಯಿತು. ಆದರೂ ಮತ್ತೊಂದು ಹಿಡಿ ಬೀಜ ಕೇಳಿ ಇಸಿದುಕೊಂಡಳು. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ನಗಲಿಲ್ಲ. ಅವನು ಆ ವಾರವೆಲ್ಲ ಗಿರಾಕಿಗಳ ಅಳತೆ ತೆಗೆಯುತ್ತ ತೆಗೆಯುತ್ತ ಆ ಹೊಲದ ಬಗ್ಗೆ ವಿಚಾರಿಸುತ್ತಿದ್ದ. ಮೇಲೆ ಸಾಲ ಇದೆಯಾ, ಕೋರ್ಟಿನಲ್ಲಿ ಇದೆಯಾ, ಅಡಿಯಲ್ಲಿ ಬಂಡೆ ಇದೆಯಾ? ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೇ ಅವನಿಗೆ ದೊಡ್ಡ ಅನುಮಾನವಾಯಿತು.

ಚಿಕ್ಕಕ್ಕನ ಮನಸ್ಸು ತಿರುಗಿದ್ದು ಬೀಜದಿಂದಲ್ಲ, ನೀರಿನಿಂದ.

ಆ ಕಾಲುವೆಯಿಂದ ಹೊಲಗಳಿಗೆ ಸರದಿಯ ಮೇಲೆ ನೀರು. ಒಬ್ಬರ ಸರದಿ ಮುಗಿದ ಮೇಲೆ ಅವರು ತಮ್ಮ ತೂಬು ಮುಚ್ಚಬೇಕು, ಮುಂದಿನವರು ತೆರೆಯಬೇಕು. ಆದರೆ ಮೇಲಿನ ಹೊಲದ ಮೀಸೆಯಣ್ಣ ಇದನ್ನು ಯಾವತ್ತೂ ತಲೆಗೆ ಹಾಕಿಕೊಂಡವನಲ್ಲ. ತನ್ನ ಸರದಿ ಮುಗಿದ ಮೇಲೂ ತೂಬಿನ ಹಲಗೆಯ ಪಕ್ಕ ತೋಳು ಕಟ್ಟಿ ನಿಂತುಬಿಡುತ್ತಿದ್ದ. ಚಿಕ್ಕಕ್ಕ ಬೈದು ಬೈದು ಸುಸ್ತಾಗಿದ್ದಳು. ಅಂದು ಅಕ್ಕ ತಂಗಿ ಇಬ್ಬರೂ ದಡದ ಮೇಲೆ ನಿಂತು ಕೂಗಾಡುತ್ತಿದ್ದರು. ಅವನು ಆಕಾಶ ನೋಡುತ್ತಿದ್ದ.

ಪಾತಿಯಲ್ಲಿ ಕೂತಿದ್ದ ಕಂಡಕ್ಟರಮ್ಮ ಗಲಾಟೆ ಕೇಳಿ ಎದ್ದು ಹೋದಳು. ಮೀಸೆ ನೋಡಿದ ತಕ್ಷಣ ಗುರುತು ಸಿಕ್ಕಿತು. ವಾರಕ್ಕೆರಡು ಸಲ ಸಂತೆಗೆ ಹೋಗುವ ಪ್ಯಾಸೆಂಜರ್. ಯಾವಾಗಲೂ ಫುಟ್‌ಬೋರ್ಡಿನ ಮೇಲೆ ನಿಂತು ಹತ್ತುವವರಿಗೆ ಅಡ್ಡವಾಗುವವನು.

ಅವಳಿಗೆ ಯೋಚಿಸಲು ಸಮಯವೇ ಆಗಲಿಲ್ಲ. ಬಾಯಿ ತಾನಾಗಿಯೇ ತೆರೆಯಿತು.

"ರೀ ಮೀಸೆಯವರೇ! ದಾರಿ ಬಿಡ್ರೀ! ನಿಮ್ಮ ಸ್ಟಾಪ್ ಆಯ್ತು, ಇಳೀರಿ! ಇಳೀರಿ, ಇಳೀರಿ, ಹಿಂದೆ ಜನ ಇದ್ದಾರೆ!"

ನೂರು ಜನರ ಗದ್ದಲವನ್ನು ಸೀಳಿ ಡ್ರೈವರನಿಗೆ ತಲುಪುವ ಆ ದನಿ ಬಯಲಿನಲ್ಲಿ ಗುಡುಗಿನಂತೆ ಮೊಳಗಿತು. ಮೀಸೆಯಣ್ಣನ ಕಾಲು ಅವನನ್ನು ಕೇಳದೆಯೇ ಎರಡು ಹೆಜ್ಜೆ ಹಿಂದೆ ಸರಿಯಿತು. ಅಷ್ಟರಲ್ಲಿ ಚಿಕ್ಕಕ್ಕ ಹಲಗೆ ಇಳಿಸಿ ಅವನ ತೂಬು ಮುಚ್ಚಿಯೇಬಿಟ್ಟಳು. ಅವನು ಸಾವರಿಸಿಕೊಂಡು, "ಅಲ್ಲ, ಇದು ಬಸ್ಸಲ್ಲವಲ್ಲ," ಎಂದ.

"ಅಲ್ಲ. ಆದ್ರೆ ನಾಳೆ ಬಸ್ಸಿಗೆ ಬರ್ತೀರಲ್ಲ?" ಎಂದಳು ಕಂಡಕ್ಟರಮ್ಮ.

ಅವನು ಮೀಸೆ ಸವರುತ್ತ, ಏನೂ ಆಗಿಲ್ಲವೆಂಬಂತೆ ಹೊರಟುಹೋದ. ಚಿಕ್ಕಕ್ಕ ನೀರು ತಮ್ಮ ಹೊಲಕ್ಕೆ ಬುಳುಬುಳು ನುಗ್ಗುವುದನ್ನೇ ನೋಡುತ್ತ ನಿಂತಿದ್ದಳು. ಆ ಸಂಜೆ ಅವಳು ಗೇಟಿನ ಬೋರ್ಡನ್ನು ಬಿಚ್ಚಲಿಲ್ಲ. ಒಂದು ಇದ್ದಿಲ ಚೂರು ತಂದು ಅದರ ಮೇಲೆ ಅಡ್ಡಲಾಗಿ ಗೀಟೆಳೆದಳು.

ಎರಡು ದಿನ ಬಿಟ್ಟು ಟೈಲರ್ ಅಂಗಡಿಯ ಮುಂದೆ ಚಿಕ್ಕಕ್ಕ ಪ್ರತ್ಯಕ್ಷಳಾದಳು. ಕಾಲು ತೊಳೆದುಕೊಂಡು, ತಲೆ ಬಾಚಿಕೊಂಡು ಬಂದಿದ್ದಳು. ಕಂಡಕ್ಟರಮ್ಮನಿಗೆ ಅಂದು ಮಧ್ಯಾಹ್ನದ ಶಿಫ್ಟು, ಮನೆಯಲ್ಲೇ ಇದ್ದಳು.

"ಅಕ್ಕ ಐದು ವರ್ಷ ಅಂದಳಾ?" ಎಂದಳು, ಕೂರುವ ಮುಂಚೆಯೇ. "ನಾನು ಎಂಟು ವರ್ಷ ಕೊಡ್ತೀನಿ. ಹೊಲ ನಡೆಸಿದವಳು ನಾನು. ಕೊಡೋದಾದ್ರೆ ನಾನು ಕೊಡಬೇಕು. ಅವಳ್ಯಾರು ಕೊಡೋದಕ್ಕೆ?"

ಟೈಲರ್ ಕೈಯಲ್ಲಿದ್ದ ಕತ್ತರಿ ಅರ್ಧಕ್ಕೇ ನಿಂತಿತು.

ಮುಂದಿನ ರಜೆಯ ದಿನ ನಾಲ್ವರೂ ಅಕ್ಕತಂಗಿಯರ ಅಡುಗೆಮನೆಯ ಮೇಜಿನ ಸುತ್ತ ಕೂತರು. ಟೈಲರ್ ತನ್ನ ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆಯಲು ಮರೆತೇ ಬಂದಿದ್ದ.

"ಐದು ವರ್ಷ, ಬಡ್ಡಿ ಇಲ್ಲ," ಎಂದಳು ದೊಡ್ಡಕ್ಕ.

"ಎಂಟು ವರ್ಷ," ಎಂದಳು ಚಿಕ್ಕಕ್ಕ. "ಮುಂಗಡಾನೂ ಬೇಡ."

ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. "ಹಾಗಾದ್ರೆ ಹತ್ತು ವರ್ಷ. ಮೊದಲನೇ ಎರಡು ವರ್ಷ ಏನೂ ಕೊಡೋದೇ ಬೇಡ."

"ಬೆಳೆ ಕೆಟ್ಟ ವರ್ಷಾನೂ ಬೇಡ. ಪಂಪ್‌ಸೆಟ್ಟೂ ಜೊತೆಗೆ."

"ಪಂಪ್‌ಸೆಟ್ ನಾನು ಕೊಡಿಸಿದ್ದು! ನೀನು ಹೇಗೆ ಕೊಡ್ತೀಯ? ನಾನೇ ಕೊಟ್ಟೆ. ಗೊಬ್ಬರದ ಗುಂಡೀನೂ ಕೊಟ್ಟೆ."

ಟೈಲರನ ಕಣ್ಣು ಒಬ್ಬರಿಂದ ಇನ್ನೊಬ್ಬರಿಗೆ ಓಡಾಡುತ್ತಿತ್ತು. ಇಷ್ಟು ದಿನ ಮೋಸ ಹುಡುಕಿದವನ ಮುಖದಲ್ಲಿ ಈಗ ಲಾಟರಿ ಹೊಡೆದವನ ಕಳೆ. ಇನ್ನೊಂದು ಹತ್ತು ನಿಮಿಷ ಸುಮ್ಮನಿದ್ದರೆ ಮನೆಯೂ ಸೇರಿ ಬರುವ ಹಾಗಿತ್ತು. ಅಷ್ಟರಲ್ಲಿ ಅವನ ಹೆಂಡತಿ ಮೇಜಿನ ಮೇಲೆ ಕೈ ಬಡಿದಳು.

"ನಿಲ್ಸಿ!"

ಲೋಟಗಳು ಕುಣಿದವು. ಇಬ್ಬರೂ ಬಾಯಿ ಮುಚ್ಚಿದರು.

"ಇಷ್ಟು ವರ್ಷದಲ್ಲಿ ಟಿಕೆಟ್ ಇಲ್ಲದವರನ್ನ ನಾನು ಬಸ್ಸಿಗೆ ಹತ್ತಿಸಿಲ್ಲ. ಈಗ ನಾನೇ ಹತ್ತೋದಾ? ಮುಂಗಡ ಕೊಡ್ತೀನಿ. ಐದೇ ವರ್ಷ. ಬಡ್ಡೀನೂ ಕೊಡ್ತೀನಿ, ಬ್ಯಾಂಕಿನ ಅರ್ಧದಷ್ಟು."

ಮೇಜಿನ ಕೆಳಗೆ ಟೈಲರ್ ಅವಳ ಕಾಲು ತುಳಿದ. "ಬಾಯಿ ಮುಚ್ಕೊಂಡಿರೇ," ಎಂದು ಹಲ್ಲುಗಳ ಸಂದಿಯಿಂದ ಪಿಸುಗುಟ್ಟಿದ.

"ನೀವು ಸುಮ್ನಿರಿ. ಇದು ಅವರ ಊಟದ ದುಡ್ಡು, ಔಷಧಿ ದುಡ್ಡು. ಇವರಿಬ್ಬರ ಹಟದಲ್ಲಿ ನಾವು ತಿನ್ನೋದಾ?"

"ಬಡ್ಡಿ ಬೇಡ," ಎಂದಳು ದೊಡ್ಡಕ್ಕ.

"ಬೇಡವೇ ಬೇಡ," ಎಂದಳು ಚಿಕ್ಕಕ್ಕ. ಎಷ್ಟೋ ವರ್ಷಗಳ ನಂತರ ಒಂದೇ ಮಾತಿಗೆ ಬಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಮುಜುಗರಪಟ್ಟರು. ಚಿಕ್ಕಕ್ಕ ತಕ್ಷಣ ಅದನ್ನು ಸರಿಪಡಿಸಿದಳು. "ಇವಳಿಗೆ ಬಡ್ಡಿ ಬೇಕೇನೋ. ಮಾರಬೇಕು ಅಂತ ಕುಣೀತಾ ಇದ್ದವಳು ಇವಳೇ. ದುಡ್ಡಿನ ಆಸೆ."

 ದೊಡ್ಡಕ್ಕ ಲೋಟವನ್ನು ಹಿಡಿದುಕೊಂಡಳು, ಬಿಟ್ಟಳು.  ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ. ಹೇಳಬೇಡ ಎಂದಿದ್ದ ಮಾತು ಗಂಟಲವರೆಗೆ ಬಂದಿತ್ತು. ಆದರೆ ಅಷ್ಟರಲ್ಲಿ ದೊಡ್ಡಕ್ಕನೇ ಹೇಳಿದಳು, ತಂಗಿಯ ಮುಖ ನೋಡದೆ, ಕಿಟಕಿಯ ಕಡೆ ನೋಡುತ್ತ.

"ಅವತ್ತು ನೀರಲ್ಲಿ ನಿನ್ನ ತಲೆ ಹಿಡ್ಕೊಂಡು ಕೂತಿದ್ದೆನಲ್ಲ. ನನ್ನ ಕೈ ಸೋತು ಹೋಗ್ತಿತ್ತು. ನೀನು ನೋವಲ್ಲಿದ್ದೆ, ನಿನಗೆ ಗೊತ್ತಾಗ್ಲಿಲ್ಲ. ಯಾವ ಕ್ಷಣದಲ್ಲಿ ಬಿಟ್ಟುಬಿಡ್ತೀನೋ ಅಂತ... ಅಷ್ಟೇ. ಆಸೆ ಅಂದ್ರೆ ಆಸೆ ಅಂದ್ಕೋ."

ಚಿಕ್ಕಕ್ಕ ಎದ್ದು ಹೋಗಿ ಒಲೆಯ ಮೇಲಿನ ಹಾಲನ್ನು ಸುಮ್ಮನೆ ತಿರುವಿದಳು. ಹಾಲು ಉಕ್ಕುತ್ತಲೂ ಇರಲಿಲ್ಲ, ಒಲೆ ಹೊತ್ತಿಯೂ ಇರಲಿಲ್ಲ. ಬೆನ್ನು ತಿರುಗಿಸಿಕೊಂಡೇ ಕೇಳಿದಳು, "ಮೊದಲೇ ಬೊಗಳಕ್ಕೆ ಏನಾಗಿತ್ತು ನಿನಗೆ?"

"ಬೊಗಳಿದ್ರೆ ನೀನು ಕೇಳೋಳಾ?"

"ಇಲ್ಲ," ಎಂದು ಒಪ್ಪಿಕೊಂಡಳು ಚಿಕ್ಕಕ್ಕ.

ಆಮೇಲೆ ಮಾತು ಸಲೀಸಾಯಿತು. ಕಂಡಕ್ಟರಮ್ಮ ಹೇಳಿದ ಮುಂಗಡ, ಐದು ವರ್ಷ, ಬಡ್ಡಿ ಮಾತ್ರ ಇಲ್ಲ. ಬಡ್ಡಿಯ ಬದಲು ಪ್ರತಿ ಕೊಯ್ಲಿನಲ್ಲೂ ಮನೆಗೆ ಬೇಕಾದಷ್ಟು ತರಕಾರಿ. ಪಂಪ್‌ಸೆಟ್ಟಿಗೆ ಬೇರೆ ಬೆಲೆ, ಅದನ್ನು ಟೈಲರ್ ತಾನೇ ಮುಂದೆ ಬಂದು ಹೇಳಿದ. ಹೆಂಡತಿಯ ಮುಂದೆ ಮಾನ ಉಳಿಸಿಕೊಳ್ಳಬೇಕಿತ್ತಲ್ಲ. ಚಿಕ್ಕಕ್ಕ ಯಾವಾಗ ಬೇಕಾದರೂ ಹೊಲಕ್ಕೆ ಬರಬಹುದು, ಬೈಯಬಹುದು, ಆದರೆ ಗುದ್ದಲಿ ಮುಟ್ಟುವಂತಿಲ್ಲ, ಕಾಲುವೆಯ ದಡ ಹತ್ತುವಂತಿಲ್ಲ. ಇದನ್ನು ಪತ್ರದಲ್ಲೇ ಬರೆಸಬೇಕು ಎಂದು ದೊಡ್ಡಕ್ಕ ಹಟ ಹಿಡಿದಳು. ರಿಜಿಸ್ಟ್ರಾರ್ ಆಫೀಸಿನ ಗುಮಾಸ್ತ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ಬೈಗುಳದ ಹಕ್ಕು ಅಂತ ನಮ್ಮಲ್ಲಿ ಕಾಲಂ ಇಲ್ಲಮ್ಮ," ಎಂದ. ಕೊನೆಗೆ ಬಾಯಿಮಾತಿನ ಮೇಲೆ ಬಿಟ್ಟರು. ಅಕ್ಕತಂಗಿಯರು ಸಹಿ ಹಾಕಿದರು. ಚಿಕ್ಕಕ್ಕನ ಸಹಿ ಗೆರೆ ಬಿಟ್ಟು ಹೊರಗೆ ಹೋಯಿತು. ಟೈಲರ್ ಪತ್ರವನ್ನು ಮೂರು ಸಲ ಓದಿ, ಏನೂ ಸಿಗದೆ, ನಾಲ್ಕನೆಯ ಸಲ ಓದದೆ ಮಡಚಿ ಜೇಬಿಗೆ ಹಾಕಿಕೊಂಡ. ಅವನ ಬದುಕಿನಲ್ಲಿ ಅದೊಂದು ದೊಡ್ಡ ಘಟನೆ.

ಮೊದಲ ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್ ಬಂದು ಉತ್ತು ಹೋಯಿತು. ಟೈಲರ್ ಎರಡು ಗೂಟ ನೆಟ್ಟು ಪಾತಿಗಳ ಸಾಲಿಗೆ ದಾರ ಕಟ್ಟಿದ. ಅಷ್ಟು ನೇರವಾದ ಸಾಲು ಆ ಸುತ್ತಿನಲ್ಲಿ ಯಾರ ಹೊಲದಲ್ಲೂ ಇರಲಿಲ್ಲ, ನೋಡಿದವರು ಇಸ್ತ್ರಿ ಮಾಡಿದ್ದಾರಾ ಎಂದು ಕೇಳುತ್ತಿದ್ದರು. ಕೆಸರೆಂದರೆ ಮೂಗು ಮುರಿಯುತ್ತಿದ್ದವನು ಪ್ಯಾಂಟು ಮಡಚಿಕೊಂಡು ಒಳಗಿಳಿದದ್ದು ಹೆಂಡತಿಗೂ ಆಶ್ಚರ್ಯ. ಚಿಕ್ಕಕ್ಕ ಬದುವಿನ ಮೇಲೆ ಹಾಕಿದ್ದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಇನ್ನಷ್ಟು ಹೊತ್ತು ನಿಂತಿದ್ದಳು. ಆಮೇಲೆ ಕುರ್ಚಿ ಅಲ್ಲೇ ಇತ್ತು, ಅವಳು ಇರಲಿಲ್ಲ. ಅದನ್ನು ಕಂಡ ದೊಡ್ಡಕ್ಕ ಬಿಸಿಲಿಗೆ ಕೊಡೆ ಹಿಡಿದು, ಮನೆ ಬಿಟ್ಟು, ತಂಗಿಯ ಹಿಂದೆ ಹಿಂದೆ ಸಾಲಿನಲ್ಲಿ ನಡೆಯತೊಡಗಿದಳು. ಕಾಯಲು ಬಂದವಳು, ಕಾಯುತ್ತ ಕಾಯುತ್ತ ಬೀಜದ ಬುಟ್ಟಿ ಹಿಡಿದುಕೊಂಡಳು. "ದೂರ ದೂರ ಹಾಕು," ಎಂದಳು ತಂಗಿ. "ನನಗೆ ಗೊತ್ತು," ಎಂದಳು ಅಕ್ಕ. ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಸಾಲು ಮುಗಿಯಿತು. ಕಂಡಕ್ಟರಮ್ಮ ಕೈ ಝಾಡಿಸಿ, ಸುತ್ತ ಒಮ್ಮೆ ನೋಡಿದಳು. ಆಮೇಲೆ ಬದುವಿನ ಪಕ್ಕದ ಸಡಿಲ ಮಣ್ಣಿನ ಮೇಲೆ ಬೆನ್ನು ಹಾಕಿ, ಕೈಕಾಲು ಚಾಚಿ ಅಂಗಾತ ಮಲಗಿಬಿಟ್ಟಳು. ಮೇಲಿನ ಪದರ ಬೆಚ್ಚಗಿತ್ತು, ಕೆಳಗೆ ತಂಪಿತ್ತು. ಸೀರೆಗೆ ಮಣ್ಣಾಗುತ್ತಿದೆ ಎಂದು ಗೊತ್ತಿದ್ದೂ ಅಲುಗಲಿಲ್ಲ.

ಚಿಕ್ಕಕ್ಕನ ತಲೆ ಆಕಾಶಕ್ಕೆ ಅಡ್ಡ ಬಂತು. "ಏನೇ, ಮಲಗೋದಕ್ಕೆ ತಗೊಂಡ್ಯಾ ಹೊಲಾನ?"

"ಹೂಂ ಚಿಕ್ಕಕ್ಕಾ."

"ಬೀಜದ ಮೇಲೆ ಮಲಗಿದೀಯ ಕಣೇ! ಏಳು, ಏಳು!"

ಅವಳು ಎದ್ದಳು. ಬೀಜವಿಲ್ಲದ ಕಡೆ ನಾಲ್ಕು ಹೆಜ್ಜೆ ನಡೆದು ಮತ್ತೆ ಮಲಗಿದಳು. ಸ್ವಲ್ಪ ಹೊತ್ತಿನಲ್ಲಿ ಟೈಲರೂ ಬಂದು, ಜಾಗವನ್ನು ಎರಡು ಸಲ ಪರೀಕ್ಷಿಸಿ, ಪಕ್ಕದಲ್ಲಿ ಉರುಳಿಕೊಂಡ.